ಮೊಣಕೈ ಹಿಂದಿನ ನರ

ರಾಗಿಮುದ್ದೆ ಉಣ್ಣುವ ಅಮರಾಪುರದ ಕಡೆಯವಳಾದ ನಾನು ಜೋಳದ ರೊಟ್ಟಿ ಬಡಿಯಲು ಕಲಿತಿದ್ದು ಮದುವೆಯಾಗಿ ರಾಯದುರ್ಗಕ್ಕೆ ಬಂದ ಮೇಲೆ. ಅತ್ತೆಯಿಂದ ಸಾಕಷ್ಟು ಅನ್ನಿಸಿಕೊಂಡೇ ಕಲಿತೆ. ಅಷ್ಟು ಕಷ್ಟಪಟ್ಟು ಕಲಿತ ರೊಟ್ಟಿ, ಮಗಳ ಮದುವೆಯಾದ ಮೇಲೆ ನನ್ನ ಬಲಗೈ ಕೆಳಗೆ ಹರಿಯತೊಡಗಿತು. ಕಿರುಬೆರಳು, ಉಂಗುರದ ಬೆರಳು ಎರಡೂ ಒಳಕ್ಕೆ ಮಡಚಿಕೊಂಡಿದ್ದವು. ಜೋಮು ಬೇರೆ. ಹೆಬ್ಬೆರಳು, ತೋರುಬೆರಳಿನ ನಡುವಿನ ಮಾಂಸ ಇಳಿದು ಗುಳಿ ಬಿದ್ದಿತ್ತು.

ಅತ್ತೆ ನನ್ನ ಕೈ ನೋಡಿದರು. ಮರುದಿನ ಹಿಟ್ಟಿನ ಪರಾತವನ್ನು ತಮ್ಮ ಕಡೆ ಎಳೆದುಕೊಂಡು, "ನೀ ಬಿಡವ್ವ, ರೊಟ್ಟಿ ನಾ ಬಡೀತೀನಿ" ಎಂದರು. ಸೊಂಟನೋವಿನ ಮುದುಕಿಗೆ ಈ ಪ್ರೀತಿ ಎಲ್ಲಿಂದ ಬಂತು ಅಂದುಕೊಂಡೆ. ಸಂಜೆ ನನ್ನ ತಟ್ಟೆ, ಲೋಟ ಬೇರೆ ಗೂಡಿಗೆ ಹೋದಾಗ ತಿಳಿಯಿತು. ಅವರಿಗೆ ಕಂಡದ್ದು ದೊಡ್ಡ ರೋಗ. ಕುಷ್ಠ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅಂದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ.

ಮಗಳು ಬಸುರಿಯಾಗಿ ಮನೆಗೆ ಬಂದಳು. ಅವಳ ತಪಾಸಣೆಗೆಂದು ಬಳ್ಳಾರಿಗೆ ಹೋದಾಗ ನನ್ನನ್ನೂ ಒಬ್ಬ ಚರ್ಮದ ಡಾಕ್ಟರಿಗೆ ತೋರಿಸಿದಳು. ಅವರು ಸ್ಪರ್ಶವಿಲ್ಲದ ಮಚ್ಚೆಗಾಗಿ ಮೈಯೆಲ್ಲ ಹುಡುಕಿದರು. ಆಮೇಲೆ ನನ್ನ ಸೊಟ್ಟ ಮೊಣಕೈ ಹಿಡಿದು, "ಇದು ಯಾವಾಗ ಮುರಿದಿತ್ರಿ?" ಎಂದರು. ಚಿಕ್ಕವಳಿದ್ದಾಗ ಹುಣಸೆ ಮರದಿಂದ ಬಿದ್ದದ್ದು, ಊರಲ್ಲಿ ಮೂಳೆ ಕಟ್ಟುವವನು ಬಿದಿರು ದಬ್ಬೆ ಇಟ್ಟು ಬಿಗಿದದ್ದು, ಕೈ ಸೊಟ್ಟಗೇ ಕೂಡಿದ್ದು ಎಲ್ಲ ಹೇಳಿದೆ.

"ಆ ರೋಗ ಅಲ್ರಿ ಇದು" ಎಂದು ಡಾಕ್ಟರು ನನ್ನ ಮೊಣಕೈ ಹಿಂದಿನಿಂದ ಕಿರುಬೆರಳಿನವರೆಗೆ ಪೆನ್ನಿನಲ್ಲಿ ಗೆರೆ ಎಳೆದರು. "ಅಂಗೈಯಾಗಿನ ಸಣ್ಣ ಸ್ನಾಯು ಬಹಳಷ್ಟು ಈ ಒಂದು ನರದ ಮ್ಯಾಲೆ ನಡೀತಾವ. ಹೆಬ್ಬೆರಳಿನ ಕಡೆ ನಾಕಾರಕ್ಕ ಬ್ಯಾರೆ ನರ ಐತಿ. ನಿಮ್ಮ ಮೊಣಕೈ ಸೊಟ್ಟ ಕೂಡೇತಿ, ಇಷ್ಟು ವರ್ಷ ನರ ಜಗ್ಗಿ ಜಗ್ಗಿ ಸವದೈತಿ. ಒಬ್ಬರಿಂದ ಒಬ್ಬರಿಗೆ ಹತ್ತೂದಲ್ಲ." ಆಪರೇಷನ್ ಮಾಡಿದರೂ ಇಳಿದ ಮಾಂಸ ಮತ್ತೆ ತುಂಬುವುದು ಅನುಮಾನ ಎಂದರು. ನನಗೆ ಅದರ ಚಿಂತೆಯೇ ಇರಲಿಲ್ಲ. ಮಗಳು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳಲ್ಲ, ನನಗೆ ಅಷ್ಟು ಸಾಕಾಗಿತ್ತು.

ಆ ಗೆರೆಯನ್ನು ತೊಳೆಯದೆ ಮನೆಗೆ ಬಂದು ಅತ್ತೆಗೆ ತೋರಿಸಿದೆ. "ಮನಸಿಗೆ ಹಚ್ಕೋಬಾರದಂತ ಡಾಕ್ಟರು ಹಂಗ ಅಂತಾರವ್ವ" ಎಂದರು. ಲೋಟ ಗೂಡಿನಿಂದ ಇಳಿಯಲಿಲ್ಲ. ಹಾಳಾಗಿ ಹೋಗಲಿ, ಓದಿದ ಮಗಳಿಗೆ ಗೊತ್ತಿದೆ, ನಾಳೆ ಮೊಮ್ಮಗುವನ್ನು ಎತ್ತಿಕೊಳ್ಳುವಾಗ ಈ ಮುದುಕಿಯನ್ನು ಯಾರು ಕೇಳುತ್ತಾರೆ ಎಂದು ಸುಮ್ಮನಾದೆ.

ಹೆರಿಗೆಯಾಗಿ ಮಗಳು ಆಸ್ಪತ್ರೆಯಿಂದ ಮಗುವಿನೊಂದಿಗೆ ಮನೆಗೆ ಬಂದಳು. ನಾನು ಕೈಕಾಲು ತೊಳೆದು, ಗೋಡೆಗೆ ಒರಗಿ ಕೂತು ಕೈ ಚಾಚಿದೆ. ಅವಳು ಒಂದು ಗಳಿಗೆ ತಡೆದಳು. ಹೆಗಲ ಮೇಲಿದ್ದ ಟವೆಲನ್ನು ನನ್ನ ಎರಡೂ ಅಂಗೈಗಳ ಮೇಲೆ ಹಾಸಿ, ಅದರ ಮೇಲೆ ಮಗುವನ್ನು ಇಟ್ಟಳು.

"ಕೂಸಿಗೆ ಮೆತ್ತಗಿರ್ಲಿ ಅಂತವ್ವ" ಎಂದಳು, ನನ್ನ ಮುಖ ನೋಡದೆ.

ಮಡಚಿದ ಆ ಎರಡು ಬೆರಳಿಗೆ ಏನೂ ತಿಳಿಯಲಿಲ್ಲ. ಉಳಿದವಕ್ಕೆಲ್ಲ ಟವೆಲಿನ ಒರಟು ಚೆನ್ನಾಗಿಯೇ ತಿಳಿಯಿತು.