ಔಡಲೆಣ್ಣೆ ಕುಡಿದ ಗಾಡಿ

೧೯೪೮ರಲ್ಲಿ ನಾನು ಶಾಲೆ ಬಿಟ್ಟೆ. ಥರ್ಡ್ ಫಾರಂ ಅರ್ಧಕ್ಕೇ ನಿಂತಿತು. ಮನೆಯವರು ಬಿಡಿಸಲಿಲ್ಲ, ಮಾಸ್ತರರು ಹೊರಗೆ ಹಾಕಲಿಲ್ಲ, ನಾನೇ ಬಿಟ್ಟೆ. ಒಂದು ವಾಸನೆಯ ಬೆನ್ನು ಹತ್ತಿ ಬಿಟ್ಟೆ ಎಂದರೆ ನೀವು ನಗಬಹುದು. ಸುಟ್ಟ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ವಾಸನೆ ಅದು. ಇವತ್ತಿಗೂ ಹಳೆಯ ಮೋಟಾರ್ ಸೈಕಲ್ಲೊಂದನ್ನು ಬಿಚ್ಚಿ, ತೊಳೆದು, ಕೂಡಿಸಿ, ಮೊದಲ ಕಿಕ್ ಹೊಡೆದಾಗ ಏಳುವ ನೀಲಿ ಹೊಗೆಯಲ್ಲಿ ನನ್ನ ಮೂಗು ಅದನ್ನೇ ಹುಡುಕುತ್ತದೆ. ಸಿಗುವುದಿಲ್ಲ. ಡಬ್ಬಿಯ ಎಣ್ಣೆಗೆ ಆ ಗುಣವಿಲ್ಲ.

ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಸಂದಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಹಿತ್ತಲು ಅಜ್ಜಿ ನೀಲಮ್ಮನ ರಾಜ್ಯ. ಔಡಲ ಬೀಜ ಹುರಿದು, ಒರಳಲ್ಲಿ ಕುಟ್ಟಿ, ದೊಡ್ಡ ಗಡಿಗೆಯಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನ ಅಂಚಿನಿಂದ ಸವರಿ ಸವರಿ ತೆಗೆಯುತ್ತಿದ್ದಳು. ಓಣಿಯ ಕೂಸುಗಳ ನೆತ್ತಿಗೂ ಬಾಣಂತಿಯರ ಮೈಗೂ ದೊಡ್ಡವರ ಕಟ್ಟಿದ ಹೊಟ್ಟೆಗೂ ಅದೇ ಎಣ್ಣೆ. ಮುಂದಿನ ಪಡಸಾಲೆ ಈರಣ್ಣ ಕಾಕಾನದು. ಯುದ್ಧಕಾಲದಲ್ಲಿ ಮಿಲಿಟರಿ ಗಾಡಿಗಳ ಶೆಡ್ಡಿನಲ್ಲಿ ದುಡಿದಿದ್ದ ಕಾಕಾ, ಯುದ್ಧ ಮುಗಿದ ಮೇಲೆ ಗುಜರಿಗೆ ಬಿದ್ದ ಒಂದು ಫಟಫಟಿಯ ಎಂಜಿನ್ನನ್ನು ಎರಡು ಗೋಣಿಚೀಲಗಳಲ್ಲಿ ತುಂಬಿ ತಂದಿದ್ದ. ಉಳಿದ ಅಸ್ಥಿಪಂಜರ ಚಕ್ಕಡಿಯಲ್ಲಿ ಬಂತು. ಜೊತೆಗೆ, ಪಕ್ಕದಲ್ಲಿ ಒಬ್ಬರು ಕೂಡುವ ತಗಡಿನ ತೊಟ್ಟಿ. ಅದನ್ನು ನಾವು ತೊಟ್ಟಿಲು ಎನ್ನುತ್ತಿದ್ದೆವು. ವರ್ಷವಿಡೀ ನಾವು ನಟ್ಟು ಬೋಲ್ಟುಗಳನ್ನು ದಾಟಿಕೊಂಡೇ ಊಟಕ್ಕೆ ಕೂಡಬೇಕಾಯಿತು. ಸಣ್ಣ ಕೈಯೆಂದು ಇಕ್ಕಟ್ಟಿನ ಬೋಲ್ಟುಗಳನ್ನೆಲ್ಲ ಕಾಕಾ ನನಗೇ ಬಿಡುತ್ತಿದ್ದ.

ಎಂಜಿನ್ನಿಗೆ ಕಾಕಾ ಹಾಕಿದ್ದು ಅಜ್ಜಿಯ ಔಡಲೆಣ್ಣೆಯನ್ನೇ. ಪಂದ್ಯದ ಗಾಡಿಗಳಿಗೂ ಅದೇ ಹಾಕುತ್ತಾರೆಂದು ಶೆಡ್ಡಿನಲ್ಲಿ ಒಬ್ಬ ಸಿಪಾಯಿ ಹೇಳಿದ್ದನಂತೆ. ಎಂಜಿನ್ ಮೊದಲ ಸಲ ಶುರುವಾದ ಮುಂಜಾನೆ ನನಗೆ ಇನ್ನೂ ನೆನಪಿದೆ. ಚೀಲದಲ್ಲಿ ಬಂದ ಕಬ್ಬಿಣಕ್ಕೆ ಉಸಿರು ಬಂದಿತ್ತು! ಮಾಳಿಗೆಯ ಮಣ್ಣು ಉದುರಿತು, ಗೂಡಿನಲ್ಲಿದ್ದ ಲೋಟಗಳು ತಾವೇ ಸರಿದಾಡಿದವು. ಅಜ್ಜಿ ಒನಕೆ ಬಿಟ್ಟು ಓಡಿಬಂದು, ನಡುಗುವ ಪೆಟ್ರೋಲ್ ಟಾಕಿಯ ಮೇಲೆ ಅಂಗೈ ಇಟ್ಟು ನಿಂತಳು. "ನನ್ನ ಎಣ್ಣಿ ಕುಡದು ಇದು ಮಾತಾಡಾಕತ್ತೈತಲ್ಲೋ ಈರಾ!"

ಶಾಲೆಯಲ್ಲಿ ಮಾತ್ರ ನನ್ನ ಮಾನ ಹೋಯಿತು. ತೆಲುಗು ಮಾತಿನ ಅಂಗಡಿಕಾರರ ಮಕ್ಕಳು ನನ್ನನ್ನು ಕಂಡರೆ ಸಾಕು, "ಆಮುದಂ ಬಂಡಿ ಒಚ್ಚಿಂದಿರೋ!" ಎನ್ನುವರು. ಔಡಲೆಣ್ಣೆ ಗಾಡಿ ಬಂತು ಎಂದು. ನಮ್ಮ ಓಣಿಯ ಬಸ್ಯಾ ಇನ್ನೂ ಮುಂದೆ ಹೋಗಿ, "ಲೇ ಕೊಟ್ರ್ಯಾ, ನಿಮ್ಮ ಫಟಫಟಿಗೆ ಹೊಟ್ಟಿ ಕಟ್ಟಿತ್ತೇನಲೇ? ಈಗ ಸಲೀಸಾತಾ?" ಎಂದು ಕೇಳಿ ಇಡೀ ಕ್ಲಾಸು ನಗಿಸಿದ. ನಾನು ಹುಟ್ಟಿನಿಂದಲೇ ಸ್ವಾಭಿಮಾನಿ. ಸಹಿಸಲಾಗಲಿಲ್ಲ.

ಅದೇ ದಿನಗಳಲ್ಲಿ ದೇಶನೂರಿನಿಂದ ಸುದ್ದಿ ಬಂತು. ಸಿರುಗುಪ್ಪದ ಹತ್ತಿರ ಅದು ಅಜ್ಜಿಯ ತವರು. ಅಲ್ಲೇ ಇದ್ದ ಆಕೆಯ ಅಕ್ಕ ಹಾಸಿಗೆ ಹಿಡಿದಿದ್ದಳು. ಕಣ್ಣು ಮೊದಲೇ ಹೋಗಿದ್ದವು. ಈಗ ಹೊಟ್ಟೆಯ ಮಕ್ಕಳ ಗುರುತೂ ಹತ್ತುತ್ತಿಲ್ಲವಂತೆ. "ಒಂದ್ಸಲ ನನ್ನ ಹೆಸರು ಹಿಡದು ಕರೀಲಿ, ಸಾಕು," ಎಂದಳು ಅಜ್ಜಿ. ಚಕ್ಕಡಿಯಲ್ಲಿ ಹೋದರೆ ಎರಡು ದಿನ. "ನಾಳೆ ಮಧ್ಯಾಹ್ನಕ್ಕ ಮುಟ್ಟಿಸ್ತೀನಿ, ನಡಿ ಯವ್ವಾ," ಎಂದ ಕಾಕಾ. ಅಕ್ಕನ ಅಂಗಾಲಿಗೆ ತಿಕ್ಕಲೆಂದು ಅಜ್ಜಿ ಹೊಸದಾಗಿ ಕಾಸಿದ ಎಣ್ಣೆಯನ್ನು ಸೀಸೆಗೆ ತುಂಬಿ, ಹಳೆ ಸೀರೆಯಲ್ಲಿ ಸುತ್ತಿಟ್ಟಳು. ಗಾಡಿಯ ಎಣ್ಣೆ ಅರ್ಧಕ್ಕಿಳಿದಿತ್ತು. ತುಂಬುವ ಕೆಲಸ ನನಗೆ ಹೇಳಿದರು. ಮೂಲೆಯಲ್ಲಿ ಯಾರದೋ ಲಾರಿಗೆಂದು ತಂದ ಡಬ್ಬಿ ಎಣ್ಣೆ ಇತ್ತು. ಬಸ್ಯಾನ ಮುಖ ನೆನಪಾಯಿತು. ಅದನ್ನೇ ಸುರಿದೆ.

ಹೊಸ ಗಾಡಿಯ ಮೊದಲ ದೂರದ ಪಯಣ, ಕುರುಗೋಡಿನ ದೊಡ್ಡ ಬಸವಣ್ಣನಿಗೆ ಕಾಯಿ ಒಡೆಸದೆ ಹೋಗಬಾರದು ಎಂದು ಅಜ್ಜಿಯ ಹಟ. ಆ ದಾರಿ ಹಿಡಿದೆವು. ತೊಟ್ಟಿಲಲ್ಲಿ ಸೆರಗು ಬಿಗಿದು ಕೂತ ಅಜ್ಜಿ, "ಹುಟ್ಟಿದಾಗೊಮ್ಮೆ ತೊಟ್ಟಲಾಗ ಇದ್ದೆ, ಈಗೊಮ್ಮೆ," ಎಂದು ನಗುತ್ತಿದ್ದಳು. ಎರಡೂ ಕಡೆ ಎರೆಹೊಲ, ಬಿರಿದ ಹತ್ತಿ, ಹಿಂದೆ ಸರಿಯುವ ಬಂಡೆಗುಡ್ಡಗಳು. ನೆಲವೇ ನಮ್ಮ ಕೆಳಗೆ ಓಡುತ್ತಿದೆ ಎನಿಸಿತು ನನಗೆ. ಕುರುಗೋಡು ದಾಟಿ ಒಂದು ತಾಸಾಗಿರಲಿಲ್ಲ, ಎಂಜಿನ್ ನರಳಿ, ಗಕ್ಕನೆ ಹಿಡಿದುಕೊಂಡಿತು.

ಕಾಕಾ ಎಣ್ಣೆ ಟಾಕಿಯ ಮುಚ್ಚಳ ತೆಗೆದು ಬೆರಳು ಅದ್ದಿದ. ಬೆರಳಿಗೆ ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಅಂಟು ಬಂತು. ಔಡಲೆಣ್ಣೆಯೂ ಡಬ್ಬಿ ಎಣ್ಣೆಯೂ ಕೂಡಿ ಬಾಳುವುದಿಲ್ಲ; ಬೆರೆತರೆ ಅಂಟಾಗುತ್ತದೆ. ನನಗೆ ಅದು ಗೊತ್ತಿರಲಿಲ್ಲ.

"ಯಾರಲೇ ಇದರಾಗ ಡಬ್ಬಿ ಎಣ್ಣಿ ಹುಯ್ದವ್ರು?"

"ನಾನ ಕಾಕಾ. ಸಾಲ್ಯಾಗ ನಗ್ತಿದ್ರು."

ಕಾಕಾನ ಕೈ ಮೇಲೆದ್ದಿತು. ತೊಟ್ಟಿಲಿನಿಂದ ಅಜ್ಜಿ ಕೂಗಿದಳು: "ಅವನ್ನ ಹೊಡದ್ರ ಗಾಡಿ ನಡೀತೈತೇನೋ? ಮೊದ್ಲ ನಮ್ಮಕ್ಕನ ಹತ್ರ ಮುಟ್ಟಿಸು!" ಆಮೇಲೆ ಮಡಿಲಲ್ಲಿದ್ದ ಸೀರೆಯ ಸುತ್ತು ಬಿಚ್ಚಿ, ಆ ಸೀಸೆಯನ್ನು ನನ್ನ ಕೈಗೇ ಕೊಟ್ಟಳು.

ಅಂಟನ್ನೆಲ್ಲ ಸುರಿದು, ಟಾಕಿ ಮತ್ತು ಕೊಳವೆಗಳನ್ನು ಪೆಟ್ರೋಲಿನಿಂದ ತೊಳೆದೆವು. ಹತ್ತಿಕಟ್ಟಿಗೆಯ ಉರಿ ಹಾಕಿ, ಬಸವಣ್ಣನಿಗೆ ಕಾಯಿ ಒಯ್ದಿದ್ದ ಹಿತ್ತಾಳೆ ಬಟ್ಟಲಲ್ಲಿ ಅಜ್ಜಿಯೇ ಎಣ್ಣೆ ಬಿಸಿ ಮಾಡಿದಳು. ಪ್ಲಗ್ ಬಿಚ್ಚಿ ಆ ತೂತಿನಿಂದ ಪಿಸ್ಟನ್ ಮೇಲೆ ಸ್ವಲ್ಪ ಹುಯ್ದು, ಉಳಿದದ್ದನ್ನು ಟಾಕಿಗೆ ಹಾಕಿ ಕಾದೆವು. ಹೊತ್ತು ನೆತ್ತಿಯಿಂದ ಇಳಿಯಿತು. ಅಜ್ಜಿ ರಸ್ತೆಯನ್ನೇ ನೋಡುತ್ತಿದ್ದಳು. ನಾನು ಆಕೆಯನ್ನು ನೋಡಲಾರದೆ ಚಕ್ರ ನೋಡುತ್ತಿದ್ದೆ. ಹತ್ತಿ ಬಿಡಿಸುವ ಆಳುಗಳು ಬಂದು ಗಾಡಿಯನ್ನು ಗೇರಿನಲ್ಲೇ ಹಿಂದೆ ಮುಂದೆ ಜಗ್ಗಿದರು. "ಇದಕ್ಕೊಂದು ಜೋಡು ಎತ್ತು ಕಟ್ರಿ ಯಪ್ಪಾ," ಎಂದು ಒಬ್ಬ ನಕ್ಕ. ಎಷ್ಟನೆಯ ಸಲಕ್ಕೋ ಒಳಗೆ ಏನೋ ಸಡಿಲಿದ್ದು ನನ್ನ ಅಂಗೈಗೆ ತಿಳಿಯಿತು.

ದೇಶನೂರು ಮುಟ್ಟಿದಾಗ ಕಾಲುವೆಯ ಭತ್ತದ ಗದ್ದೆಗಳ ಮೇಲೆ ಸಂಜೆ ಬಿಸಿಲಿತ್ತು. ನಿಲ್ಲಿಸಿದರೆ ಮತ್ತೆ ಹಿಡಿದುಕೊಂಡೀತೆಂಬ ಭಯಕ್ಕೆ ಕಾಕಾ ಎಂಜಿನ್ ಆರಿಸದೆ ಹೊಸ್ತಿಲವರೆಗೂ ತಂದ. ಪಿಸ್ಟನ್ ಮೇಲೆ ಹುಯ್ದಿದ್ದ ಎಣ್ಣೆ ಇನ್ನೂ ಉರಿಯುತ್ತಿತ್ತು. ಹೊಗೆ ಮನೆ ತುಂಬಿತು. ಅಜ್ಜಿ ಬರಿಗೈಯಲ್ಲಿ ಒಳಗೆ ಹೋಗಿ ಮಂಚದ ಬಳಿ ನಿಂತಳು. ಆಕೆ ಬಾಯಿ ತೆರೆಯುವ ಮೊದಲೇ ಮಂಚದ ಮೇಲಿನ ಮುದುಕಿ ಮೂಗು ಅರಳಿಸಿದಳು. ಮುಖ ಹುಡುಗಿಯದಾಯಿತು.

"ನೀಲೀ... ಉರಿ ಸಣ್ಣ ಮಾಡಬೇ. ಎಣ್ಣಿ ಹೊತ್ತಾಕತ್ತೈತಿ, ಅವ್ವ ಬೈತಾಳ."

"ಮಾಡಿದ್ನಿ ಯಕ್ಕಾ," ಎಂದಳು ಅಜ್ಜಿ. "ಸಣ್ಣ ಮಾಡಿದ್ನಿ."

ಹೊರಗೆ ಕಾಕಾ ಎಂಜಿನ್ ಆರಿಸಿದ.

ಅಜ್ಜಿಯ ಅಕ್ಕ ಆ ವಾರವೇ ಹೋದಳು. ಮರಳಿ ಬಂದ ಮೇಲೆ ನಾನು ಶಾಲೆಗೆ ಹೋಗಲಿಲ್ಲ. ಆ ಎಂಜಿನ್ನನ್ನು ಪೂರ್ತಿ ಬಿಚ್ಚಿ, ನಾನು ಮಾಡಿದ ಅಂಟನ್ನು ನಾನೇ ಕೆರೆದು ತೆಗೆದೆ. ತಿಂಗಳು ಹಿಡಿಯಿತು. ಕಾಕಾ ಬೈಯಲಿಲ್ಲ, ಬೋಲ್ಟು ಬಿಚ್ಚುವ ತನ್ನ ಪಾನಾ ಕೊಟ್ಟ. ಮೂರು ವರ್ಷಕ್ಕೆ ಅಜ್ಜಿಯೂ ಹೋದಳು. ಆಮೇಲೆ ಹಿತ್ತಲು ಗೋದಾಮಾಯಿತು, ಪಡಸಾಲೆ ಅಂಗಡಿಯಾಯಿತು, ಕಾಕಾ ಫೋಟೋ ಆದ. ನಾನು ದುಡಿದೆ, ಯಾರ ಮುಂದೆಯೂ ತಲೆ ತಗ್ಗಿಸದೆ, ಸತ್ತ ಗಾಡಿಗಳನ್ನು ಎಬ್ಬಿಸಿಕೊಂಡೇ ಬದುಕಿದೆ.

ಈಗ ನನ್ನಲ್ಲಿ ಓಡುವ ಹಳೆಯ ಗಾಡಿ ನಾಲ್ಕು, ಬಿಚ್ಚಿಟ್ಟದ್ದು ಒಂದು. ಕಾಕಾನ ಪಾನಾ ಹನ್ನೊಂದು. ಅಜ್ಜಿಯ ಒರಳು ಒಂದು. ಸೀಸೆ ಒಂದು, ಖಾಲಿ.