ಬಾಯಲ್ಲೇ ಬಾಯ್ಲರ್ ಹೊತ್ತಿಸಿದ ಭಾವ

ಬಾಯ್ಲರ್ ಹೊತ್ತಿಸುವಾಗ ಭಾವನ ಕೆನ್ನೆಗಳು ಪೂರಿಯ ಹಾಗೆ ಉಬ್ಬುತ್ತಿದ್ದವು. ನಿಜವಾದ ಬಾಯ್ಲರ್ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ರಾಯಪುರಂ ದಾಟಿದ ಮೇಲೆ, ಅವರು ಕೆಲಸ ಮಾಡುತ್ತಿದ್ದ, ಎಣ್ಣೆ ಉರಿಸುವ ವಿದ್ಯುತ್ ಸ್ಥಾವರದಲ್ಲಿ. ಇದು ವೇಲಚೇರಿಯ ನಮ್ಮ ಮನೆಯ ಹಾಲ್‌ನಲ್ಲಿ, ಹಬ್ಬದೂಟವಾದ ಮೇಲೆ, ಬರೀ ಬಾಯಲ್ಲಿ ಹೊತ್ತುತ್ತಿತ್ತು.

ಅಕ್ಕನ ಮದುವೆಯಾಗುವವರೆಗೆ ಆ ಹಾಲ್ ನನ್ನದು. ಫ್ಲಾಟಿನ ಸೆಕ್ರೆಟರಿ ಕೆಮ್ಮುವುದು, ಅಪ್ಪ ಫೋನಿನಲ್ಲಿ ಕಿರುಚುವುದು, ಇಂಟರ್‌ವ್ಯೂನಲ್ಲಿ ನಾನೇ ತೊದಲುವುದು, ಎಲ್ಲವನ್ನೂ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಆಮೇಲೆ ಈ ಮನುಷ್ಯ ಬಂದರು. ಎಣ್ಣೆ ಬರ್ನರಿನಲ್ಲಿ ಮಂಜಿನಂತೆ ಸಿಡಿದು 'ಭಗ್' ಎನ್ನುವುದು, ನೀರು ಕುದಿದು ಹಬೆಯಾಗುವುದು, ಹಬೆ ನುಗ್ಗಿ ಟರ್ಬೈನಿನ ರೆಕ್ಕೆಗಳನ್ನು ತಿರುಗಿಸುವುದು, ಅದರ ಜೊತೆ ಜನರೇಟರ್ ಸುತ್ತಿ ಕರೆಂಟು ಹುಟ್ಟುವುದು, ಒಂದೊಂದಕ್ಕೂ ಒಂದೊಂದು ಸದ್ದು. ಅಕ್ಕಪಕ್ಕದ ಫ್ಲಾಟಿನ ಮಕ್ಕಳು "ಇನ್ನೊರು ವಾಟ್ಟಿ!" ಎಂದು ತಮಿಳಿನಲ್ಲಿ ಮತ್ತೆ ಮತ್ತೆ ಮಾಡಿಸುತ್ತಿದ್ದವು. ನನ್ನ ಸೆಕ್ರೆಟರಿ ಕೆಮ್ಮಿ ಕೆಮ್ಮಿ ಸತ್ತರೂ ಯಾರೂ ತಿರುಗಿ ನೋಡಲಿಲ್ಲ.

ಒಂದು ದಸರೆಗೆ ತಡೆಯಲಾಗದೆ ಭಾವನನ್ನೇ ಅಣಕಿಸಿದೆ. ಅದೇ ಕೆನ್ನೆ, ಅದೇ ಭಗ್, ಅದೇ ಟರ್ಬೈನು. ಹಾಲ್ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಭಾವ. ಕಣ್ಣೊರೆಸಿಕೊಂಡು ಕೇಳಿದರು: "ಅಲ್ಲ ಮಾಣಿ, ಎಣ್ಣೆ ಬಿಸಿಯೇ ಮಾಡ್ಲಿಲ್ವಲ್ಲ ನೀನು?"

"ಅದೆಂತ ಬಿಸಿ?"

"ಅದು ಜೋನಿಬೆಲ್ಲದ ಹಾಗೆ ಮಂದ ಉಂಟು ಮಾರಾಯ. ಮೊದಲು ಕಾಯಿಸ್ಬೇಕು, ತೆಳ್ಳಗಾಗ್ಬೇಕು. ಹಾಗೇ ಬಿಟ್ರೆ ಬರ್ನರ್ ಕಟ್ಟಿಕೊಳ್ತದೆ. ಮಕ್ಕಳಿಗೆ ಕರೆಂಟು ಎಲ್ಲಿಂದ ಕೊಡ್ತಿ?"

"ರೀ, ಒಂದು ಸಲ ಆದ್ರೂ ಅವನನ್ನು ಗೆಲ್ಲಲಿಕ್ಕೆ ಬಿಡಿ," ಅಂದಳು ಅಕ್ಕ.

"ಗೆಲ್ಲಲಿ. ಸರಿಯಾಗಿ ಹೊತ್ತಿಸಿ ಗೆಲ್ಲಲಿ."

ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸದ್ದು ಕಲಿಸಿದರು. "ಹಬೆ ಗಂಟಲಲ್ಲಿ ಅಲ್ಲ, ಹೊಟ್ಟೆಯಿಂದ ತೆಗಿ." ನನ್ನ ಹೊಟ್ಟೆಯಲ್ಲಿ ಉರಿಗೇನೂ ಬರವಿರಲಿಲ್ಲ. ಪೈಪೋಟಿಗೆ ಬಂದವನಿಗೇ ತನ್ನ ಸರಕನ್ನೆಲ್ಲ ಕೊಡುವ ಈ ಮನುಷ್ಯನನ್ನು ಮನಸಾರೆ ದ್ವೇಷಿಸಲೂ ಆಗದಲ್ಲ ಎಂದು ಇನ್ನಷ್ಟು ಉರಿಯಿತು.

ಕಳೆದ ಮಳೆಗಾಲದಲ್ಲಿ ಭಾವ ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಹಾಲ್ ಮತ್ತೆ ನನ್ನದಾಯಿತು. ಯುಗಾದಿಯ ದಿನ ಊಟವಾದ ಮೇಲೆ ಅಕ್ಕನೇ ಅಂದಳು: "ಅವರ ಬಾಯ್ಲರ್ ಒಂದು ಸಲ ಹೊತ್ತಿಸಾ."

ಹೊತ್ತಿಸಿದೆ. ಒಂದು ಸದ್ದನ್ನೂ ಬಿಡಲಿಲ್ಲ. ಮುಗಿಸಿ ನೋಡಿದರೆ ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅಪ್ಪ, ಅಮ್ಮ ಕೂಡ. ಆಮೇಲೆ ಬಂತು ನೋಡಿ ಚಪ್ಪಾಳೆ, ಅಂಥದ್ದು ನನಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ.

ಅದೂ ಭಾವನದ್ದೇ.