ಅವ್ವ ಸೀರಿಯಸ್ ಎಂಬ ತಂತಿ

ನನ್ನ ಅತ್ತೆಗೆ ಯಾವ ಕಾಯಿಲೆಯೂ ಇರಲಿಲ್ಲ. ಅವರು ಮಲಗಿದ್ದ ಕೋಣೆಯಲ್ಲಿ ನಾನು ಈಗಲೂ ಮಲಗುವುದಿಲ್ಲ.

ಮೈದುನ ಅಮೆರಿಕಕ್ಕೆ ಹೋದದ್ದು ಬಟ್ಟೆ ಮಿಲ್ಲಿನ ವಿದ್ಯೆ ಕಲಿಯಲು. ದಾವಣಗೆರೆಯಲ್ಲಿ ಆಗ ಮಿಲ್ಲಿನ ಸೈರನ್ ಕೇಳಿಯೇ ನಾವು ಒಲೆ ಹಚ್ಚುತ್ತಿದ್ದೆವು. ಅಲ್ಲಿಗೆ ಹೋದ ಮೇಲೆ ಅವನಿಗೆ ನೂಲು ಬೇಡವಾಯಿತು. ಗಣಿತ ಓದುತ್ತೇನೆಂದು ಬೇರೆ ಕಾಲೇಜು ಹಿಡಿದ. ವೀಸಾ ಹಳೆಯ ಕಾಲೇಜಿನ ಹೆಸರಿನಲ್ಲಿದೆ, ಬದಲಾಯಿಸಲು ಸರ್ಕಾರಕ್ಕೆ ಅರ್ಜಿ ಹಾಕಿದ್ದೇನೆ, ಅನುಮತಿ ಬರುವ ಮೊದಲು ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ, ಮದುವೆಗೆಂದು ಈಗ ಕರೆಯಬೇಡಿ ಎಂದು ಬರೆದ. ನನ್ನ ಗಂಡ ಅದನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದರು. ನಾಲ್ಕನೇ ಕ್ಲಾಸು ಕಲಿತ ನನಗೇ ಅರ್ಥವಾಯಿತು. ಮಾವನಿಗೆ ಆಗಲಿಲ್ಲ.

"ಲೆಕ್ಕ ಕಲಿಯಾಕೆ ಅಮೆರಿಕ ಯಾಕ ಬೇಕು? ನಮ್ಮನೆಗೆ ನಾವು ಬರಾಕೆ ಅವರ ಅಪ್ಪಣೆ ಬೇರೆ! ಯಾವಳೋ ಬಿಳೇ ಹುಡುಗಿ ಹಿಡಕಂಡಾಳೆ, ಅಷ್ಟೇ."

ಅವನಿಗೆಂದು ಗೊತ್ತು ಮಾಡಿದ್ದ ಹರಿಹರದ ಹೆಣ್ಣಿನ ಕಡೆಯವರು ಅವಸರ ಮಾಡುತ್ತಿದ್ದರು. ದೂರದ ಮಗನನ್ನು ಕರೆಸಲು ನಮ್ಮ ಕಡೆ ಇದ್ದದ್ದು ಒಂದೇ ದಾರಿ: ತಾಯಿ ಸೀರಿಯಸ್, ಕೂಡಲೇ ಬಾ ಎಂದು ತಂತಿ. ಮಿಲಿಟರಿ ಸೇರಿದವರಿಗೆ ರಜೆ ಸಿಗುತ್ತಿದ್ದದ್ದೂ ಹಾಗೆಯೇ. ಬಂದವನು ಬಾಗಿಲಲ್ಲಿ ಚಪ್ಪರ ನೋಡಿ ಬೈದು, ನಕ್ಕು, ತಾಳಿ ಕಟ್ಟಿ ಹೋಗುತ್ತಿದ್ದ. ಅದನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ.

ಅತ್ತೆ ಮಾತ್ರ ಒಪ್ಪಲಿಲ್ಲ. "ಗುಂಡುಕಲ್ಲಿನಂಗೆ ಇರೋಳ್ನ ಸಾಯಾಕೆ ಬಿದ್ದಾಳೆ ಅಂತ ಬರೆಸ್ತೀರಲ್ರಿ, ಬಾಯಾದ್ರೂ ಹೆಂಗೆ ಬಂತು?"

"ತಂತಿ ಹೊಡದ್ರೆ ಯಾರೂ ಸಾಯಾದಿಲ್ಲ. ಸುಮ್ನಿರು" ಎಂದು ಮಾವ ತಂತಿ ಹೊಡೆಸಿಯೇಬಿಟ್ಟರು.

ಮೈದುನ ಬಂದ. ಟಾಂಗಾ ಇಳಿದವನು ಬೂಟು ಬಿಚ್ಚದೆ ಒಳಗೆ ನುಗ್ಗಿದ. ಅತ್ತೆ ಹಿತ್ತಲಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದರು. ಅವನು ಬೈಯಲಿಲ್ಲ, ನಗಲೂ ಇಲ್ಲ. "ಚೆನ್ನಾಗಿದೀಯೇನವ್ವಾ?" ಎಂದು ಕೇಳಿ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟ.

ತಾಳಿ ಕಟ್ಟಲು ಒಪ್ಪದೆ, ಮರಳಿ ಹೋಗಲು ವೀಸಾ ಕೇಳಲೆಂದು ನೇರ ಮದ್ರಾಸಿನ ಅಮೆರಿಕನ್ ಕಚೇರಿಗೆ ಹೋದ. ಹರಿಹರದವರು ಬೇರೆ ಗಂಡು ನೋಡಿಕೊಂಡರು. ವೀಸಾ ಸಿಗಲಿಲ್ಲ. ಹಳೆಯ ಕಾಲೇಜು ಬಿಟ್ಟಾಗಿತ್ತು, ಹೊಸದಕ್ಕೆ ಅನುಮತಿ ಬರುವ ಮೊದಲೇ ಹೊರಟುಬಂದಿದ್ದ.

"ಅವ್ವ ಸೀರಿಯಸ್ ಇದ್ಲು ಅಂತ ಹೇಳ್ಬೇಕಿತ್ತಲ್ಲೋ" ಎಂದರು ನನ್ನ ಗಂಡ.

"ಹೇಳ್ದೆ. ಡಾಕ್ಟರ ಚೀಟಿ ಕೇಳಿದ್ರು."

ಅತ್ತೆ ರೊಟ್ಟಿ ಬಡಿಯುತ್ತಾ ಇದನ್ನು ಕೇಳಿಸಿಕೊಂಡರು. ಮರುದಿನ ಅವರು ಏಳಲಿಲ್ಲ. ಡಾಕ್ಟರು ಬಂದು ಎದೆ ನೋಡಿ, "ಗಟ್ಟಿ ಇದ್ದೀರಿ, ಎದ್ದೇಳ್ರಿ ಅಮ್ಮಾರೆ" ಎಂದರು.

"ಸೀರಿಯಸ್ ಅಂತ ಬರಕೊಡ್ರಿ ಸಾಹೇಬ್ರೆ."

ಡಾಕ್ಟರು ನಕ್ಕು ಹೋದರು. ಅತ್ತೆ ಊಟ ಬಿಟ್ಟು ಗಂಜಿಗೆ ಇಳಿದರು, ಆಮೇಲೆ ಗಂಜಿಯನ್ನೂ ಬಿಟ್ಟರು. ಕಾಲು ಕಡ್ಡಿಯಾದವು. ಮಾವ ಆ ಕೋಣೆಯ ಮುಂದೆ ಹಾಯುವುದನ್ನೇ ಬಿಟ್ಟು ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದರು. ಮೈದುನ ತಲೆದಿಂಬಿನ ಪಕ್ಕ ಕುಳಿತು, "ಏಳವ್ವಾ, ನಾ ಎಲ್ಲಿಗೂ ಹೋಗಾದಿಲ್ಲ" ಎಂದು ಅಳುತ್ತಿದ್ದ.

"ಹೋಗ್ಬೇಕು ನೀನು. ಅದ್ಕೇ ಮಲಗೀನಿ."

ಕೊನೆಗೆ ಡಾಕ್ಟರು ಯಾರೂ ಕೇಳದೆಯೇ ಬರೆದುಕೊಟ್ಟರು. ಅತ್ತೆ ಆ ಚೀಟಿಯನ್ನು ಮಗನ ಅಂಗಿಯ ಜೇಬಿಗೆ ತುರುಕಿ, ಬಾಗಿಲ ಕಡೆಗೆ ಕೈ ತೋರಿಸಿದರು. ಮಾತು ಆಗಲೇ ನಿಂತಿತ್ತು.

ಅತ್ತೆಯನ್ನು ಮಣ್ಣು ಮಾಡಿದ ಮೇಲೂ ಅವನು ಹೋಗಲಿಲ್ಲ.